ಡೊಲಿನಾ ಅಡುಗೆಮನೆಯ ಹನ್ನೊಂದು ಹೆಸರು

ಬೇಸಿಗೆ ರಜೆಗೆ ವಿನ್ನಿಪೆಗ್‌ನ ಸದನ ಮುಚ್ಚುವ ವಾರ ಬಂತೆಂದರೆ ನಮ್ಮ ಪ್ರಾಂತ್ಯದ ಶಾಸಕರಿಗೆಲ್ಲ ಊರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ವರ್ಷವಿಡೀ ನೆನಪಾಗದ ಬೇಕರಿ, ಗ್ಯಾರೇಜು, ಮಕ್ಕಳ ಹಾಕಿ ತಂಡ, ನೂರು ತುಂಬಿದ ಅಜ್ಜಿ ಎಲ್ಲವೂ ಆ ವಾರವೇ ನೆನಪಾಗಬೇಕು. ಒಬ್ಬೊಬ್ಬರಿಗೆ ಎರಡು ನಿಮಿಷ. ಎದ್ದು ನಿಂತು ಹೊಗಳುವುದು, ಗ್ಯಾಲರಿಯಲ್ಲಿ ಕೂತ ಊರಿನವರ ಕಡೆ ಕೈ ತೋರಿಸುವುದು, ಅವರು ಎದ್ದು ಕೈ ಬೀಸುವುದು, ಕೆಳಗಿನವರು ಚಪ್ಪಾಳೆ ತಟ್ಟುವುದು. ಆಮೇಲೆ ದೊಡ್ಡ ಮೆಟ್ಟಿಲ ಮೇಲೆ ಒಂದು ಫೋಟೋ. ಅಲ್ಲಿಗೆ ಪ್ರೀತಿ ತೀರಿತು. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಸರೋವರದ ದಂಡೆಗೆ ಹೊರಡುತ್ತಾರೆ.

ಆ ಎರಡು ನಿಮಿಷದ ಮಾತನ್ನು ಬರೆದುಕೊಡುವವಳು ನಾನು. ಹೆಸರು ಡೋರಿನ್. ಡೊಲಿನಾ ಕ್ಷೇತ್ರದ ಶಾಸಕ ಮಾರ್ವಿನ್ ಚುಬಾಟಿಯ ಊರಿನ ಕಚೇರಿಯನ್ನು ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದು ಅಂದರೆ ಫೋನಿಗೆ ಉತ್ತರ ಕೊಡುವುದರಿಂದ ಹಿಡಿದು ಅವನ ಕೋಟಿನ ಮೇಲಿನ ಸಾಸಿವೆ ಕಲೆ ಒರೆಸುವವರೆಗೆ ಎಲ್ಲಾ ಬಂತು.

ಮಾರ್ವಿನ್ ಶಾಸಕನಾಗುವ ಮೊದಲು ದನದ ಸಂತೆಯಲ್ಲಿ ಹರಾಜು ಕೂಗುತ್ತಿದ್ದ. ಗಂಟಲು ಅಂದರೆ ಅಂಥಿಂಥ ಗಂಟಲಲ್ಲ. ಮೈಕು ಕೆಟ್ಟ ದಿನವೂ ಸಂತೆಯ ಆಚೆ ತುದಿಗೆ ಕೇಳುತ್ತಿತ್ತು. ಇಂಥ ಗಂಟಲಿಗೆ ನಮ್ಮ ಪಕ್ಷ ಕೊಟ್ಟ ಕೆಲಸ ಏನು ಗೊತ್ತೇ? 'ಬೇಡ' ಅನ್ನುವುದು. ಸದನದಲ್ಲಿ ನಿಯಮ ಮೀರಿ ಏನಾದರೂ ಬೇಕಿದ್ದರೆ, ಇನ್ನರ್ಧ ನಿಮಿಷ ಮಾತಾಡುವುದಿರಲಿ, ಅತಿಥಿಗಳ ಹೆಸರನ್ನೆಲ್ಲ ಸದನದ ಮಾತು ಅಚ್ಚಾಗುವ ಕಡತಕ್ಕೆ ಸೇರಿಸುವುದಿರಲಿ, ಸಭಾಧ್ಯಕ್ಷರು ಇಡೀ ಸದನದ ಒಪ್ಪಿಗೆ ಕೇಳಬೇಕು. ಎಲ್ಲರೂ ಸುಮ್ಮನಿದ್ದರೆ ಒಪ್ಪಿಗೆ ಇದ್ದಂತೆ. ಒಬ್ಬನೇ ಒಬ್ಬ 'ಬೇಡ' ಅಂದರೆ ಮುಗಿಯಿತು. ಯಾರು ಅಂದರು ಅಂತ ಕಡತದಲ್ಲಿ ಹೆಸರೂ ಬರುವುದಿಲ್ಲ. ನಮ್ಮ ಮುಖ್ಯ ಸಚೇತಕ ಹಿಂದಕ್ಕೆ ತಿರುಗಿ ಮಾರ್ವಿನ್ ಕಡೆ ನೋಡಿದರೆ ಸಾಕು, ಇವನು ಕೂತಲ್ಲಿಂದಲೇ 'ಬೇಡ' ಅನ್ನುತ್ತಿದ್ದ. ಊರಿಗೆ ಬಂದಾಗ ಅದನ್ನು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದ ಕೂಡ. ನನಗಂತೂ ನಗು ಬರುತ್ತಿರಲಿಲ್ಲ.

ಈ ವರ್ಷದ ಎರಡು ನಿಮಿಷ ಯಾರಿಗೆ ಅಂತ ನಾನು ಯೋಚನೆ ಮಾಡುತ್ತಿರುವಾಗಲೇ ಓರೆಸ್ಟ್ ಹರಾಸಿಮ್ ಅವರ ಹೆಂಡತಿ ಕಚೇರಿಗೆ ಬಂದಳು. ಊರಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹಾಗೆಯೇ. ಓರೆಸ್ಟ್ ಸತ್ತು ಎಷ್ಟೋ ವರ್ಷವಾದರೂ ಅವಳು ಇನ್ನೂ ಓರೆಸ್ಟನ ಹೆಂಡತಿ. ಎಂಬತ್ತು ದಾಟಿದ ಮುದುಕಿ, ಬೆನ್ನು ಮಾತ್ರ ಬಾಗಿಲ್ಲ. ನಮ್ಮ ಊರಿನ ಉಕ್ರೇನಿಯನ್ ಸಮುದಾಯ ಭವನದ, ಅಂದರೆ ನಮ್ಮ ಬಾಯಲ್ಲಿ ಹಾಲ್‌ನ, ಅಡುಗೆಮನೆ ಅವಳ ಕೈಯಲ್ಲಿತ್ತು. ಮದುವೆ, ತಿಥಿ, ಕೊಯ್ಲಿನ ಊಟ ಯಾವುದೇ ಇರಲಿ, ಅವಳೂ ಇನ್ನು ಹತ್ತು ಹೆಂಗಸರೂ ಮೇಜಿನ ಸುತ್ತ ನಿಂತು, ಹಿಟ್ಟಿನ ಹಾಳೆಗೆ ಆಲೂಗಡ್ಡೆ ತುಂಬಿ ಅಂಚು ಚಿವುಟಿ ಪಿರೋಹಿ ಮಾಡುತ್ತಿದ್ದರು. ಈಗ ಯಾರ ಕಾಲೂ ನಿಲ್ಲುವುದಿಲ್ಲ. ಕೊನೆಯ ಊಟ ಈಸ್ಟರಿಗೆ ಆಯಿತು. ಆ ಭವನವನ್ನು ಮಾರಿದ್ದಾರೆ, ಕೊಂಡವನು ಅಲ್ಲಿ ಕೊಯ್ಲು ಯಂತ್ರ ನಿಲ್ಲಿಸುತ್ತಾನಂತೆ.

"ಹಾಲ್ ಗೋಡೆ ಮೇಲೆ ಹಿತ್ತಾಳೆ ಹಲಗೆ ಇದ್ಯಲ್ಲ ಡೋರಿನ್, ಅದನ್ನ ಮ್ಯೂಸಿಯಮ್ಮಿನೋರು ತಗೊಂಡ್ ಹೋಗ್ತಾರಂತೆ," ಅಂದಳು. "ಅದ್ರಲ್ಲಿ ಯಾರ ಹೆಸ್ರಿದೆ?"

ಕಟ್ಟಿದವರದ್ದು ಅಂದೆ.

"ಗಂಡಸ್ರದ್ದು. ಒಂದು ಬೇಸ್ಗೇಲಿ ಕಟ್ಟಿ ಕೈ ತೊಳ್ಕೊಂಡ್ರು. ಚಾವಣಿ ಸೋರಿದಾಗ ಹೊಸ ಚಾವಣಿ ಹಾಕ್ಸಿದ್ದು ಯಾರು? ಬಾಯ್ಲರ್ ತರ್ಸಿದ್ದು ಯಾರು? ನಮ್ ಪಿರೋಹಿ ಮಾರಿ ಬಂದ ದುಡ್ಡು. ಅಡುಗೆ ಪುಸ್ತಕ ಅಚ್ಚು ಹಾಕ್ಸಿದ್ರಲ್ಲ, ಬೀಟ್‌ರೂಟ್ ಸಾರು ಮಾಡೋದು ಹೆಂಗೆ ಅಂತ ನಾನು ಹೇಳ್ಕೊಟ್ಟೆ. ಕೆಳಗೆ ಏನಂತ ಹಾಕಿದ್ರು? ಶ್ರೀಮತಿ ಓರೆಸ್ಟ್ ಹರಾಸಿಮ್. ಓರೆಸ್ಟ್‌ಗೆ ನೀರು ಕಾಯ್ಸೋಕೂ ಬರ್ತಿರ್ಲಿಲ್ಲ ಕಣೇ."

ನಾನು ಪುಸ್ತಕ ತೆಗೆದು ನೋಡಿದೆ. ನಮ್ಮ ಕಚೇರಿಯಲ್ಲೂ ಒಂದು ಪ್ರತಿ ಇದೆ. ಹಾಳೆ ಹಾಳೆಗೂ ಅದೇ: ಶ್ರೀಮತಿ ಸ್ಟೀವ್ ಕೊಜಾಕ್, ಶ್ರೀಮತಿ ಮೈಕ್ ಬಜಾನ್. ಹೆಂಗಸರ ಸ್ವಂತ ಹೆಸರು ಹುಡುಕಿದರೂ ಸಿಗಲಿಲ್ಲ. ಸಮಾಧಿ ಕಲ್ಲಿನ ಮೇಲಾದರೂ ಬರುತ್ತದೆ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಸದನದಲ್ಲಿ ಆಡಿದ ಮಾತು ಯಾವತ್ತೂ ಅಳಿಸದ ಹಾಗೆ ಅಚ್ಚಾಗುತ್ತದೆ ಅಂತ ಅವಳಿಗೆ ಯಾರೋ ಹೇಳಿದ್ದರಂತೆ. ಅದು ನಿಜವೇ ಅಂತ ಕೇಳಿದಳು. ನಿಜ ಅಂದೆ.

"ಹಂಗಾದ್ರೆ ನಮ್ ಹನ್ನೊಂದು ಜನದ ಹೆಸ್ರು ಅಲ್ಲಿ ಹೋಗ್ಲಿ. ನಮ್ ನಮ್ ಹೆಸ್ರು. ನಂದು ಕೊನೇಗೆ ಇರ್ಲಿ. ಇಷ್ಟು ಮಾಡ್ಕೊಡು, ಇನ್ನೇನೂ ಕೇಳಲ್ಲ."

ಅವಳ ಹೆಸರೇನು ಅಂತ ನಾನು ಕೇಳಬೇಕಾಯಿತು ನೋಡಿ. ಹುಟ್ಟಿದಾಗಿನಿಂದ ಅವಳ ಕೈ ಊಟ ತಿಂದವಳು ನಾನು. ಸೋಫಿ ಅಂದಳು, ತುಂಬ ಮೆಲ್ಲಗೆ.

ಮಾರ್ವಿನ್ ಮರುಮಾತಿಲ್ಲದೆ ಒಪ್ಪಿಕೊಂಡ. ಎಷ್ಟಾದರೂ ಅವಳನ್ನು ಚಿಕ್ಕಮ್ಮ ಅಂತ ಕರೆಯುವವನು. ಮಾಮೂಲಿ ದಾರಿ ಸುಲಭದ್ದಿತ್ತು: ಮಾತು ಮುಗಿಸಿ, ಅತಿಥಿಗಳ ಹೆಸರು ಕಡತಕ್ಕೆ ಸೇರಲಿ ಅಂತ ಒಪ್ಪಿಗೆ ಕೇಳಿ, ಹಾಳೆ ಕೊಟ್ಟರಾಯಿತು. ಅವನ ಸರದಿ ಗುರುವಾರ. ಆದರೆ ಅದಕ್ಕೆ ಮೊದಲು ಮಂಗಳವಾರವೇ ಎಲ್ಲಾ ಕೆಟ್ಟಿತು.

ಮಂಗಳವಾರ ವಿರೋಧ ಪಕ್ಷದ ಲಿಗಾಯಾ ಕಟಪಾಂಗ್ ಮಾತಾಡಿದಳು. ವಿನ್ನಿಪೆಗ್ ನಗರದೊಳಗಿನ ಕ್ಷೇತ್ರದವಳು, ಫಿಲಿಪಿನೋ ಹೆಣ್ಣುಮಗಳು, ಸದನಕ್ಕೆ ಹೊಸಬಳು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುವ ಹೆಂಗಸರನ್ನು ಗ್ಯಾಲರಿಗೆ ಕರೆತಂದಿದ್ದಳು. ಪಾಳಿ ಮುಗಿಸಿ ನೆಟ್ಟಗೆ ಬಂದವರು, ಸಮವಸ್ತ್ರದಲ್ಲೇ ಇದ್ದರು. ಅವರ ಹೆಸರು ಸೇರಿಸಲು ಒಪ್ಪಿಗೆ ಕೇಳಿದಳು. ಬೆಳಿಗ್ಗೆ ತಾನೇ ಆ ಕಡೆಯವರು ನಮ್ಮದೊಂದು ಮಸೂದೆಗೆ ಅಡ್ಡಗಾಲು ಹಾಕಿದ್ದರು. ನಮ್ಮ ಸಚೇತಕನಿಗೆ ಉರಿಯುತ್ತಿತ್ತು. ಹಿಂದಕ್ಕೆ ತಿರುಗಿ ನೋಡಿದ. ಮಾರ್ವಿನ್ 'ಬೇಡ' ಅಂದ. ನಾನು ಕಚೇರಿಯ ಟಿ.ವಿ.ಯಲ್ಲಿ ನೋಡುತ್ತಿದ್ದೆ. ಅರ್ಧ ಎದ್ದಿದ್ದ ಆ ಹೆಂಗಸರು ಏಳುವುದೋ ಕೂರುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನ್ ಮಾಡಿ ಮಾರ್ವಿನ್‌ಗೆ ಸರಿಯಾಗಿ ಬೈದೆ.

"ಗುರುವಾರ ನಾನು ಒಪ್ಪಿಗೆ ಕೇಳಿದ್ರೆ ಅವ್ರು ಬಿಡ್ತಾರಾ ಡೋರಿನ್?" ಅಂದ. "ಹೆಸ್ರೆಲ್ಲ ಬಾಯಲ್ಲೇ ಓದ್ಬಿಡ್ತೀನಿ. ಎರಡು ನಿಮಿಷದೊಳಗೆ. ಹನ್ನೊಂದು ತಾನೇ? ಸಂತೇಲಿ ಅಷ್ಟೊತ್ತಿಗೆ ಇಡೀ ಕೊಟ್ಟಿಗೆ ಮಾರ್ತಿದ್ದೆ."

ಈ ಮಾತು ಸೋಫಿಯ ಕಿವಿಗೆ ಬಿತ್ತು. ಬೀಳಿಸಿದವಳು ನಾನೇ ಅನ್ನಿ, ಮಂಗಳವಾರದ 'ಬೇಡ' ಮಾತ್ರ ಬಚ್ಚಿಟ್ಟೆ. ಅವಳು ಅವನಿಗೇ ಫೋನ್ ಹಚ್ಚಿದಳು. "ಲೋ ಮಾರ್ವಿನ್, ನಮ್ಮನ್ನ ದನ ಹರಾಜು ಹಾಕ್ದಂಗೆ ಕೂಗ್ಬೇಡ. ಒಂದೊಂದ್ ಹೆಸ್ರೂ ನಿಂತು ಹೇಳು, ಅವಳು ಎದ್ದು ನಿಂತ್ಕೊಳ್ಲಿ, ಆಮೇಲೆ ಮುಂದಿಂದು" ಅಂದಳಂತೆ. ನಾನು ಮಾತನ್ನು ಕತ್ತರಿಸಿ ಕತ್ತರಿಸಿ ಗಿಡ್ಡ ಮಾಡಿದೆ. ಬುಧವಾರ ಮಾರ್ವಿನ್ ಫೋನಿನಲ್ಲಿ ಓದಿದ, ನಾನು ಗಡಿಯಾರ ಹಿಡಿದು ಕೂತೆ. ನಿಧಾನವಾಗಿ ಓದಿದರೂ ಎರಡು ನಿಮಿಷಕ್ಕೆ ಸರಿಹೋಯಿತು. ಒಂದು ಮಾತು ಜಾಸ್ತಿ ಆಡಬೇಡ ಅಂತ ಬೇಡಿಕೊಂಡೆ.

ಗುರುವಾರ ಸ್ಕೂಲ್ ಬಸ್ಸಿನಲ್ಲಿ ಹೊರಟೆವು. ಹನ್ನೊಂದು ಮುದುಕಿಯರು, ಡ್ರೈವರು, ನಾನು. ಎಲ್ಲರೂ ಚರ್ಚಿಗೆ ಉಡುವ ಬಟ್ಟೆ ಉಟ್ಟು, ಕೂದಲು ಸುರುಳಿ ಮಾಡಿಸಿಕೊಂಡಿದ್ದರು. ದಾರಿಯಲ್ಲಿ ಹೆದ್ದಾರಿ ಪಕ್ಕದ ಕಾಫಿ ಅಂಗಡಿಯಲ್ಲಿ ನಿಲ್ಲಿಸಿದೆವು. ಕೌಂಟರಿನ ಹುಡುಗಿ ಲೋಟದ ಮೇಲೆ ಬರೆಯಲು ಹೆಸರು ಕೇಳಿದಳು. ಸೋಫಿ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ "ಓರೆಸ್ಟ್ ಹರಾಸಿಮ್ ಅವ್ರ ಮನೆಯವ್ರು" ಅಂದಳು. ಹುಡುಗಿ ಓರೆಸ್ಟ್ ಅಂತ ಬರೆದುಕೊಟ್ಟಳು. ಬಸ್ಸಿನಲ್ಲಿ ನೆಟ್ಟಿ ಸವ್‌ಚುಕ್ ಆ ಲೋಟವನ್ನು ಎತ್ತಿ ಎಲ್ಲರಿಗೂ ತೋರಿಸಿ, ಸತ್ತ ಗಂಡನ ಹೆಸರಿನಲ್ಲಿ ಕಾಫಿ ಕುಡಿಯುವವಳು ಇವಳೊಬ್ಬಳೇ ಅಂತ ಗೇಲಿ ಮಾಡಿದಳು. ಸೋಫಿಯೂ ನಕ್ಕಳು.

ಗ್ಯಾಲರಿಯಲ್ಲಿ ಮಾರ್ಷಲ್ ಬಂದು ನಿಯಮ ಹೇಳಿದ. ಚಪ್ಪಾಳೆ ತಟ್ಟಬಾರದು, ಬಗ್ಗಿ ನೋಡಬಾರದು, ಮಾತಂತೂ ಆಡಲೇಬಾರದು. ಹೆಸರು ಕರೆದಾಗ ಎದ್ದು ನಿಲ್ಲಬಹುದು, ಅಷ್ಟೇ. ಇದಕ್ಕಿಂತ ಚರ್ಚಿನ ಪೂಜೆಗೆ ಕೂರುವುದು ಸುಲಭ ಅಂತ ಟಿಲ್ಲಿ ಬಜಾನ್ ಗೊಣಗಿದಳು.

ಮಾರ್ವಿನ್ ಎದ್ದ. ಮೊದಲ ವಾಕ್ಯ ಚೆನ್ನಾಗಿಯೇ ಓದಿದ. ಆಮೇಲೆ ಮಾಡಬಾರದ್ದನ್ನು ಮಾಡಿದ. ತಲೆ ಎತ್ತಿ ಗ್ಯಾಲರಿ ನೋಡಿದ.

ಅಲ್ಲಿ ಸಾಲಾಗಿ ಕೂತಿದ್ದರಲ್ಲ, ಅವನನ್ನು ಬೆಳೆಸಿದವರು. ಮುಖ ನೋಡಿದವನು ಹಾಳೆ ಮರೆತ. ಅವನ ಅಪ್ಪ ಸತ್ತಿದ್ದು ಕೊಯ್ಲಿನ ಕಾಲದಲ್ಲಿ. ಇಡೀ ಕೊಯ್ಲು ಮುಗಿಯುವವರೆಗೆ ಈ ಹೆಂಗಸರು ದಿನಾ ಅವರ ಹೊಲಕ್ಕೆ ಬುತ್ತಿ ತಂದರು, ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ಹೇಳಲು ಶುರು ಮಾಡಿದ. ಎಲೆಕೋಸಿನ ಸುರುಳಿ ಇನ್ನೂ ಬಿಸಿ ಇರುತ್ತಿತ್ತು ಅಂದ. ಮಾತು ನಿಲ್ಲಿಸಿ ನೀರು ಕುಡಿದ. ಸದನವೆಲ್ಲ ಕಿವಿಗೊಟ್ಟು ಕೇಳುತ್ತಿತ್ತು. ನಾನೊಬ್ಬಳು ಮಾತ್ರ ಗೋಡೆ ಗಡಿಯಾರ ನೋಡುತ್ತ, ಸಾಕು ಮಾರಾಯ, ಹೆಸರು ಓದು, ಹೆಸರು ಓದು ಅಂತ ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಅವನು ಆಡಿದ್ದು ಅಷ್ಟೂ ನಿಜವಾದ ಮಾತು. ಅದಕ್ಕೇ ಸಿಟ್ಟು ಮಾಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಕೊನೆಗೂ ಹೆಸರಿಗೆ ಬಂದ. ಕೊಟ್ಟ ಮಾತಿನಂತೆ ನಿಂತು ನಿಂತು ಹೇಳಿದ. ಪಾಲಿನ್. ವರ್ನಾ. ರೋಸ್. ಒಬ್ಬೊಬ್ಬಳೇ ಗ್ಯಾಲರಿಯ ಕಂಬಿ ಹಿಡಿದು ಎದ್ದು ನಿಂತಳು. ಏಳನೆಯವಳು ಎದ್ದಳು ಅನ್ನುವಾಗ ಸಭಾಧ್ಯಕ್ಷರು ಎದ್ದು ನಿಂತರು. ಅವರು ನಿಂತರೆ ಮಾತಾಡುವವನು ಕೂರಲೇಬೇಕು, ಮೈಕೂ ಸತ್ತುಹೋಗುತ್ತದೆ. ಸನ್ಮಾನ್ಯ ಸದಸ್ಯರ ಸಮಯ ಮುಗಿದಿದೆ ಅಂದರು.

ಮಾರ್ವಿನ್ ಒಪ್ಪಿಗೆ ಕೇಳಿದ. ನಾಲ್ಕೇ ಹೆಸರು ಉಳಿದಿವೆ, ಮುಗಿಸಿಬಿಡುತ್ತೇನೆ ಅಂದ. ಸಭಾಧ್ಯಕ್ಷರು ಸದನದ ಕಡೆ ತಿರುಗಿ, ಒಪ್ಪಿಗೆ ಇದೆಯೇ ಅಂತ ಕೇಳಿದರು.

ಎದುರು ಸಾಲಿನ ಹಿಂದಿನಿಂದ ಯಾರೋ, ಜೋರಾಗೇನೂ ಅಲ್ಲ, "ಬೇಡ" ಅಂದರು.

ಮಾರ್ವಿನ್ ಕೂತ. ಮುಖ ಬೀಟ್‌ರೂಟಿನಂತೆ ಕೆಂಪಾಗಿತ್ತು. ಮೇಲೆ ಏಳು ಜನ ನಿಂತಿದ್ದರು, ನಾಲ್ಕು ಜನ ಕೂತಿದ್ದರು. ಸೋಫಿ ನನ್ನ ಕಡೆ ತಿರುಗಿ, ಆಯಿತೇ, ಇಷ್ಟೇನೇ ಅಂತ ಕಣ್ಣಿನಲ್ಲೇ ಕೇಳಿದಳು. ಇಷ್ಟೇ ಅನ್ನುವಂತೆ ತಲೆ ಆಡಿಸಿದೆ.

ಆಗ ಅವಳು ಎದ್ದಳು. ಅಡುಗೆಮನೆಯಲ್ಲಿ ಆಜ್ಞೆ ಕೊಡುವ ದನಿಯಲ್ಲಿ, ಸದನದ ಆ ಮೂಲೆಗೂ ಕೇಳುವ ಹಾಗೆ ಹೇಳಿದಳು: "ಜಸ್ಟಿನಾ ಕೊಜಾಕ್."

ಜಸ್ಟಿನಾ ಎದ್ದು ನಿಂತಳು. ಗ್ಯಾಲರಿಯವರು ಮಾತಾಡುವಂತಿಲ್ಲ ಅಂತ ಸಭಾಧ್ಯಕ್ಷರು ಅಂದರು. ಮಾರ್ಷಲ್ ಆ ತುದಿಯಿಂದ ಹೊರಟ.

"ಟಿಲ್ಲಿ ಬಜಾನ್." ಟಿಲ್ಲಿ ಎದ್ದಳು. "ನೆಟ್ಟಿ ಸವ್‌ಚುಕ್." ನೆಟ್ಟಿಯೂ ಎದ್ದಳು.

ಇನ್ನೊಂದೇ ಉಳಿದಿತ್ತು. ಸೋಫಿ ಬಾಯಿ ತೆರೆದಳು, ಹೆಸರು ಹೊರಡಲಿಲ್ಲ. ಬೇರೆಯವರದ್ದನ್ನು ಅಷ್ಟು ಗಟ್ಟಿಯಾಗಿ ಕೂಗಿದವಳಿಗೆ ತನ್ನದನ್ನು ಹೇಳಲು ಬರಲಿಲ್ಲ. ಅಷ್ಟು ಜನರ ಮುಂದೆ ಅದನ್ನು ಎಂದಾದರೂ ಹೇಳಿದ್ದರೆ ತಾನೇ? ಮಾರ್ಷಲ್ ಹತ್ತಿರ ಬರುವಷ್ಟರಲ್ಲಿ ಮುಗಿಯಿತು ಅನ್ನುವಂತೆ ಅವನಿಗೆ ಕೈ ತೋರಿಸಿ ಕೂತುಬಿಟ್ಟಳು. ಪಾಪ, ಅವನಿಗೂ ಏನು ಮಾಡಬೇಕೋ ತೋಚದೆ ಅಲ್ಲೇ ನಿಂತ.

ನನಗೆ ಅಳು ಬಂತು. ಯಾಕೆಂದರೆ ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಗ್ಯಾಲರಿಯಲ್ಲಿ ಆಡಿದ ಮಾತು ಕಡತಕ್ಕೆ ಹೋಗುವುದಿಲ್ಲ. ಅಷ್ಟು ಧೈರ್ಯ ಮಾಡಿ ಕೂಗಿದ್ದು ಗಾಳಿಗೆ ಹೋಯಿತು.

ಮುಂದಿನ ಸರದಿ ಲಿಗಾಯಾ ಕಟಪಾಂಗ್‌ಳದ್ದು, ಆ ವಾರದ ಎರಡನೆಯದು, ಅವಳ ಕಡೆಯವರೊಬ್ಬರು ಬಿಟ್ಟುಕೊಟ್ಟದ್ದು. ತನ್ನ ಕ್ಷೇತ್ರದ ಒಂದು ಬೇಕರಿಯ ಬಗ್ಗೆ ಮಾತಾಡಬೇಕಿತ್ತು. ಆ ಮನೆಯವರೆಲ್ಲ ನಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದರು. ಅವಳು ಎದ್ದು, ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಸಭಾಧ್ಯಕ್ಷರೇ, ನನ್ನ ಎರಡು ನಿಮಿಷ ಈಗ ಶುರುವಾಗಿದೆ. ಅದರಲ್ಲಿ ನಾನು ಯಾರ ಹೆಸರು ಬೇಕಾದರೂ ಹೇಳಬಹುದು, ಯಾರ ಒಪ್ಪಿಗೆಯೂ ಬೇಕಿಲ್ಲ," ಅಂದಳು. "ಜಸ್ಟಿನಾ ಕೊಜಾಕ್. ಟಿಲ್ಲಿ ಬಜಾನ್. ನೆಟ್ಟಿ ಸವ್‌ಚುಕ್." ತಡವರಿಸದೆ, ನಿಂತು ನಿಂತು ಹೇಳಿದಳು. "ಇನ್ನೂ ಒಬ್ಬರಿದ್ದಾರೆ. ಇವರ ಹೆಸರನ್ನೆಲ್ಲ ಹೇಳಿದರು, ತಮ್ಮದು ಹೇಳಲಿಲ್ಲ. ಅದು ನನಗೆ ಗೊತ್ತಿಲ್ಲ."

ಆಗ ನಮ್ಮ ಕಡೆಯ ಹಿಂದಿನ ಸಾಲಿನಿಂದ ಆ ಗಂಟಲು ಎದ್ದಿತು. ಸಂತೆಯ ಗಂಟಲು. ಮೈಕಿಲ್ಲ, ಅಪ್ಪಣೆಯಿಲ್ಲ.

"ಸೋಫಿ ಹರಾಸಿಮ್!"

"ಸೋಫಿ ಹರಾಸಿಮ್," ಅಂದಳು ಲಿಗಾಯಾ.

ಎರಡೂ ಕಡೆಯವರು ಎದ್ದು ಚಪ್ಪಾಳೆ ಹೊಡೆದರು. ಸೋಫಿ ಮಾತ್ರ ಕೂತೇ ಇದ್ದಳು. ನೆಟ್ಟಿ ಅವಳ ತೋಳು ಹಿಡಿದು ಎಳೆದಳು: "ಏಳೇ, ನಿನ್ನೇ ಕರೀತಿರೋದು." ಸೋಫಿ ಎದ್ದು ನಿಂತಳು. ಕೈ ಬೀಸಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಬೇಕಾಗಿತ್ತು. ಬೇಕರಿಗೆ ಉಳಿದದ್ದು ಸ್ವಲ್ಪ ಹೊತ್ತು, ಲಿಗಾಯಾ ಹೇಗೋ ಅಷ್ಟರಲ್ಲೇ ಮುಗಿಸಿದಳು. ಆ ಬೇಕರಿಯ ಅಜ್ಜಿ ಹಿಂದಿನಿಂದ ಸೋಫಿಯ ಬೆನ್ನು ತಟ್ಟುತ್ತಿದ್ದಳು.

ಮೆಟ್ಟಿಲ ಬಳಿ, ಕಂಚಿನ ಕಾಡೆಮ್ಮೆಗಳ ಹತ್ತಿರ ಫೋಟೋಗೆ ನಿಂತಿದ್ದಾಗ ಲಿಗಾಯಾ ಬಂದಳು. ಸೋಫಿ ಅವಳ ಎರಡೂ ಕೈ ಹಿಡಿದುಕೊಂಡಳು. ಅಷ್ಟು ಒಳ್ಳೆಯವರು ಇರುವ ಕಡೆಯಿಂದ ಬೇಡ ಅಂತ ಯಾಕೆ ಬಂತು ಅಂತ ಕೇಳಿದಳು. ಮಂಗಳವಾರ ತಾನು ಕರೆತಂದವರ ಹೆಸರಿಗೂ ಹೀಗೇ ಬೇಡ ಅಂದಿದ್ದರು, ತನ್ನ ಕಡೆಯವರಿಗೆ ಆ ಸಿಟ್ಟು ಇತ್ತು ಅಂದಳು ಲಿಗಾಯಾ. ಮಂಗಳವಾರ ಬೇಡ ಅಂದದ್ದು ಯಾರು ಅಂತ ಸೋಫಿ ಕೇಳಿದಾಗ ಅವಳು ಕಾಡೆಮ್ಮೆಯ ಕಡೆ ತಿರುಗಿದಳು.

"ನಾನು ಚಿಕ್ಕಮ್ಮ," ಅಂದ ಮಾರ್ವಿನ್.

ಸೋಫಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಆ ಹೆಂಗಸರು ಏನು ಕೆಲಸ ಮಾಡುತ್ತಾರೆ ಅಂತ ಕೇಳಿದಳು. ವೃದ್ಧಾಶ್ರಮದಲ್ಲಿ, ರಾತ್ರಿ ಪಾಳಿ ಅಂದ.

"ಓರೆಸ್ಟ್‌ಗೆ ಕೊನೇ ವರ್ಷ ಊಟ ತಿನ್ಸಿ, ಮೈ ಒರ್ಸಿ, ಮಗ್ಗಲು ಬದ್ಲಾಯ್ಸಿದ್ದು ಅಂಥೋರೇ ಕಣೋ. ಒಬ್ಬೊಬ್ಬಳ ಹೆಸ್ರೂ ಅವ್ನಿಗೆ ಗೊತ್ತಿತ್ತು. ನನ್ ಹೆಸ್ರು ಮರ್ತ ಮೇಲೂ ಅವ್ರ ಹೆಸ್ರು ಹಿಡ್ದು ಕರೀತಿದ್ದ." ಅವನ ಮುಖಕ್ಕೆ ಬೆರಳು ತೋರಿಸಿ, "ನಿಂಗೆ ಅವ್ರ ಹೆಸ್ರು ಬೇಡ್ವಾಯ್ತಾ?" ಅಂದಳು.

ಮಾರ್ವಿನ್ ನೆಲ ನೋಡಿದ. ಅಷ್ಟು ದೊಡ್ಡ ಗಂಡಸು, ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ನಿಂತಿದ್ದ.

"ಹೋಗು, ಒಳಗೆ ಹೋಗು. ನಾವು ಮತ್ತೆ ಮೇಲ್ ಹೋಗಿ ಕೂತ್ಕೋತೀವಿ," ಅಂದಳು ಸೋಫಿ. ಡ್ರೈವರ್ ಹೊತ್ತಾಯಿತು ಅಂತ ಗಡಿಯಾರ ತೋರಿಸಿದ. ಅವನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಪ್ರಶ್ನೋತ್ತರ ಮುಗಿದ ಮೇಲೆ ಮಾರ್ವಿನ್ ಎದ್ದು ನಿಂತ. ಮಂಗಳವಾರ ಎದುರು ಪಕ್ಷದ ಸದಸ್ಯೆಯ ಅತಿಥಿಗಳಾಗಿ ಬಂದಿದ್ದವರ ಹೆಸರನ್ನು ಕಡತಕ್ಕೆ ಸೇರಿಸಲು ಸದನದ ಒಪ್ಪಿಗೆ ಕೇಳುತ್ತೇನೆ, ಅವತ್ತು ಬೇಡ ಅಂದವನು ನಾನೇ ಅಂದ. ಬೇಡ ಅಂದದ್ದು ತಾನೇ ಅಂತ ಯಾರೂ ಬಾಯಿಬಿಟ್ಟು ಹೇಳುವ ಪದ್ಧತಿಯೇ ಅಲ್ಲಿಲ್ಲ. ಸಭಾಧ್ಯಕ್ಷರು ಅವನನ್ನು ಒಂದು ಸಲ ದಿಟ್ಟಿಸಿ ನೋಡಿ, ಒಪ್ಪಿಗೆ ಇದೆಯೇ ಅಂತ ಕೇಳಿದರು. ನಮ್ಮ ಸಚೇತಕ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ಮಾರ್ವಿನ್‌ನ ಕುರ್ಚಿ ನೋಡಿದ. ಕುರ್ಚಿ ಖಾಲಿ ಇತ್ತು. ಬೇಡ ಅನ್ನಬೇಕಾದವನು ಎದ್ದು ನಿಂತು ಕೇಳುತ್ತಿದ್ದ. ಯಾರೋ ಕೆಮ್ಮಿದರು, ಅಷ್ಟೇ. ಒಪ್ಪಿಗೆ ಇದೆ ಅಂದರು ಸಭಾಧ್ಯಕ್ಷರು. ಲಿಗಾಯಾ ಹೆಸರಿನ ಹಾಳೆ ಕೊಡಲು ಎದ್ದಾಗ ಮಾರ್ವಿನ್ ಕಡೆ ನೋಡಿ ತಲೆ ಬಾಗಿಸಿದಳು.

ಊರಿನ ದಾರಿಯಲ್ಲಿ ಅದೇ ಕಾಫಿ ಅಂಗಡಿಯಲ್ಲಿ ಬಸ್ಸು ನಿಂತಿತು. ಎಲ್ಲರಿಗೂ ತಾನೇ ಕೊಡಿಸುತ್ತೇನೆ ಅಂತ ಸೋಫಿ ಮುಂದೆ ಹೋದಳು. ಬೆಳಗಿನ ಹುಡುಗಿಯೇ ಇದ್ದಳು. ಲೋಟ ಹಿಡಿದು, ಹೆಸರು ಅಂತ ಕೇಳಿದಳು.

"ಸೋಫಿ," ಅಂದಳು. ಹುಡುಗಿಗೆ ಕೇಳಿಸಿತ್ತು, ಆದರೂ ಇನ್ನೊಂದು ಸಲ ಹೇಳಿದಳು. ಆಮೇಲೆ ಹಿಂದಕ್ಕೆ ತಿರುಗಿ ಕೈ ತೋರಿಸುತ್ತಾ ಹೋದಳು. "ಇವ್ಳು ನೆಟ್ಟಿ. ಅವ್ಳು ಟಿಲ್ಲಿ. ಆ ಬಾಗ್ಲತ್ರ ನಿಂತಿದಾಳಲ್ಲ, ಜಸ್ಟಿನಾ." ನಮ್ಮ ಹಿಂದೆ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು, ಲಾರಿ ಡ್ರೈವರೊಬ್ಬ ಉಸ್ಸಪ್ಪಾ ಅನ್ನುತ್ತಿದ್ದ. ಹುಡುಗಿ ಗಡಿಬಿಡಿಯಲ್ಲಿ ಗೀಚುತ್ತಿದ್ದಳು.

"ನಿಧಾನವಾಗಿ ಬರಿ ಮಗಳೇ," ಅಂದಳು ಸೋಫಿ. "ನಮಗೇನೂ ಆತುರ ಇಲ್ಲ."